ಟೇಪಿನ ಇನ್ನೊಂದು ತುದಿ

ಸೊನ್ನೆ ಇರುವ ತುದಿ ನನ್ನ ಕೈಯಲ್ಲಿ,
ಅಂಕಿ ಓಡುವ ತುದಿ ನಫೀಸಾ ಮೇಡಂ ಕೈಯಲ್ಲಿ.
ನಡುವೆ ಮೋರಿ.
ಮೋರಿಯೊಳಗೆ ಹೋದ ಮಳೆಗಾಲದ ಕಸ:
ಒಂಟಿ ಹವಾಯಿ ಚಪ್ಪಲಿ, ತೆಂಗಿನ ಹೆಡೆ,
ಯಾರದೋ ಬಾವಿಯ ಹಗ್ಗ.

ಕುಮಟೆಯಿಂದ ಅಂಕೋಲೆಯವರೆಗೆ
ಹೆದ್ದಾರಿಯ ಹೊಟ್ಟೆಯಡಿ ಎಷ್ಟು ತೂತುಗಳಿವೆ
ಎಂದು ಎಣಿಸಲು ಬಂದಿದ್ದೇವೆ.
ಇದು ಅರವತ್ತೊಂದನೆಯದು.
ಅಡ್ಡ ಒಂದು ಮೀಟರ್. ಬರೆದುಕೊಂಡರು.
ಹೂಳು ನಲವತ್ತು ಸೆಂಟಿಮೀಟರ್. ಬರೆದುಕೊಂಡರು.
ಆಮೇಲೆ ಪೆನ್ನಿನ ತುದಿ ಕಚ್ಚಿ
ಗುಡ್ಡದ ಕಡೆ ನೋಡಿದರು,
ಸಾಲ ತೀರಿಸದವನ ಮುಖ ನೋಡುವ ಹಾಗೆ.

ಗುಡ್ಡ ಅರ್ಧವೇ ಇದೆ.
ರಸ್ತೆ ಅಗಲ ಮಾಡುವಾಗ
ಕಲ್ಲಂಗಡಿ ಸೀಳಿದ ಹಾಗೆ ನೆಟ್ಟಗೆ ಸೀಳಿದ್ದಾರೆ;
ಕೆಂಪು ಒಳಮೈ ಬೇಸಿಗೆಯಲ್ಲೂ ಒಸರುತ್ತದೆ.

ಹಳೇ ನಕ್ಷೆಯ ಮೂಲೆಯಲ್ಲಿ ಒಂದು ವಾಕ್ಯ, ನನಗೆ ಬಾಯಿಪಾಠ:
ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಮಳೆಗೆ ಸಾಕು.
ಆ ಮಳೆ ಹೋದ ಆಷಾಢದಲ್ಲಿ ಬಂದಿತ್ತು.
ಅದರ ಹಿಂದಿನ ಆಷಾಢದಲ್ಲೂ ಬಂದಿತ್ತು.

ಗೇರುಬೀಜ ಒಣಗಿಸುತ್ತಿದ್ದ ಸಣ್ಣಿ ಗೌಡ
ಕಾಗೆ ಓಡಿಸುವ ಕೋಲು ಹಿಡಿದೇ ಬಂದಳು.
"ಅಳತೆ ಎಂತದ್ದು?"
ನೀರು ಹೋಗುವ ದಾರಿ ಅಜ್ಜಿ, ಎಂದರು ಮೇಡಂ.
"ನೀರಿನ ದಾರಿ ಇದಲ್ಲ. ಅದು ಅಲ್ಲಿ."
ಕೋಲು ಪೆಟ್ರೋಲ್ ಬಂಕಿನ ಕಡೆ ಎದ್ದಿತು.
"ನಾ ಮದುವೆಯಾಗಿ ಬಂದಾಗ
ಅಲ್ಲಿ ಹಳ್ಳ ದಾಟಲಿಕ್ಕೆ ಸಂಕ ಇತ್ತು.
ಪುನರ್ವಸು ಹಿಡೀತು ಅಂದ್ರೆ ಸಂಕವೂ ಇಲ್ಲ, ಹಳ್ಳವೂ ಇಲ್ಲ,
ಬರೀ ನೀರು."

ಮೇಡಂ ಅವಳಿಗೆ ಐವತ್ತು ವರ್ಷದ ಲೆಕ್ಕ ಬಿಡಿಸಿ ಹೇಳಿದರು.
ಸಣ್ಣಿ ಪೂರ್ತಿ ಕೇಳಿಸಿಕೊಂಡು,
"ನಿಮ್ಮಲ್ಲಿ ವರ್ಷಕ್ಕೆ ಎಷ್ಟು ತಿಂಗಳು, ತಂಗಿ?"

ನನಗೆ ನಗು ಬಂತು. ಟೇಪು ಅಲುಗಿತು.
ಮೇಡಂ ನಗಲಿಲ್ಲ.
ಫಾರಮ್ಮಿನಲ್ಲಿ ಸಂಕಕ್ಕೆ ಕಾಲಂ ಇಲ್ಲ;
'ಇತರೆ' ಎಂಬ ಸಣ್ಣ ಚೌಕದೊಳಗೆ
ಬಂಕು, ಹಳ್ಳ, ಮುದುಕಿಯ ಮದುವೆಯ ವರ್ಷ
ಒಂದರ ಮೇಲೊಂದು ತುರುಕಿದರು.

ನನ್ನ ಅಜ್ಜ ಜಟ್ಟಿ ಅಂಬಿಗ
ಅಘನಾಶಿನಿಯಲ್ಲಿ ದೋಣಿ ಹಾಕುತ್ತಿದ್ದ.
ಸೇತುವೆ ಬಂದ ವರ್ಷ ಹುಟ್ಟನ್ನು ಅಟ್ಟಕ್ಕೆ ಹಾಕಿದ.
ಅವನ ಪ್ರಕಾರ ಸೇತುವೆಯದು ಒಂದೇ ತಪ್ಪು:
ಹೊಳೆ ಎದ್ದರೆ ಅದಕ್ಕೆ ಏಳಲಿಕ್ಕೆ ಬರುವುದಿಲ್ಲ.
ಆದರೆ ಒಂದು ನೆರೆಯಲ್ಲಿ
ಹೆರಿಗೆ ನೋವಿನವಳನ್ನು ದಾಟಿಸಲಾರದೆ
ದಡದಲ್ಲೇ ಬೆಳಗು ಮಾಡಿದ್ದನ್ನು ಹೇಳಿದ್ದು ಒಂದೇ ಸಲ.
ಹೆಣ್ಣಿನ ಹೆಸರು ಹೇಳಲಿಲ್ಲ.

ಹಾಗಾಗಿ ನಾನು ರಸ್ತೆಯನ್ನು ಬೈಯುವುದಿಲ್ಲ.
ಮೀನಿನ ಲಾರಿ ಮಂಜು ಕರಗುವ ಮೊದಲು ಹೋಗಬೇಕು.
ಮಂಗಳೂರಿಗೆ ಹೊರಟ ಆಂಬುಲೆನ್ಸು
ಮಣ್ಣು ತೆಗೆಯುವ ತನಕ ಇಲ್ಲೇ ಕೂಗುತ್ತ ನಿಲ್ಲಬಾರದು.

ಗುಡ್ಡದಾಚೆ ರೈಲು ಹೋಯಿತು.
ಅದಕ್ಕಾದರೆ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ,
ನಿಧಾನ ಹೋಗು ಎಂದು ಬರೆದುಕೊಟ್ಟಿದ್ದಾರೆ.
ಮಳೆಗೆ ಯಾರು ಬರೆದುಕೊಡುತ್ತಾರೆ?

"ಎಷ್ಟು ಅಗಲ ಮಾಡಿದರೆ ಸಾಕು?"
ಮೇಡಂ ಕೇಳಿದ್ದು ನನ್ನನ್ನೋ, ಮೋರಿಯನ್ನೋ.
ಮೂರು ಮೀಟರ್ ಎಂದು ಬರೆದರು. ಹೊಡೆದು ನಾಲ್ಕು ಮಾಡಿದರು.
ಕೆಳಗೆ 'ಸಾಕು' ಎಂದು ಬರೆದಿದ್ದನ್ನು ಅಳಿಸಿ
'ಸದ್ಯಕ್ಕೆ' ಎಂದರು.

ಟೇಪು ಸುತ್ತಿದೆ. ಸೊನ್ನೆ ಹೂಳಿನಲ್ಲಿ ಎಳೆದುಕೊಂಡು
ಕಪ್ಪಾಗಿ ಕೈಗೆ ಬಂತು.

ಅರವತ್ತೆರಡನೆಯದು ನಕ್ಷೆಯಲ್ಲಿದೆ, ನೆಲದಲ್ಲಿಲ್ಲ.
ಅಲ್ಲೊಂದು ಹೋಟೆಲು, ಹೊಸ ಟೈಲ್ಸು, ಹಬೆಯಾಡುವ ಬಾಯ್ಲರು.
ಇಲ್ಲಿ ನೀರು ಎಲ್ಲಿಂದ ಹೋಗುತ್ತದೆ, ಎಂದು ಕೇಳಿದೆವು.
ಹುಡುಗ ಎರಡು ಲೋಟ ತಂದಿಟ್ಟು
"ಚಾ ಎಷ್ಟು?" ಎಂದ.